ಬಲಗಾಲಿನ ನೋವು

ಅಯ್ಯೋ, ಮೆಲ್ಲಗಮ್ಮಾ, ಮೆಲ್ಲಗೆ! ಅದು ನನ್ನ ಮಂಡಿ, ಬ್ರೆಡ್ಡಿನ ಹಿಟ್ಟಲ್ಲ ನೀನು ಹಾಗೆ ನಾದೋಕೆ... ಹಾಂ, ಅಲ್ಲೇ. ಚಿಪ್ಪಿನ ಕೆಳಗೆ. ಯಾವತ್ತೂ ಈ ಬಲಗಾಲೇ ತಾನೇ ನನಗೆ ಕೈಕೊಡೋದು! ಹತ್ತೊಂಬತ್ತನೇ ವಯಸ್ಸಲ್ಲಿ ಕೊಯ್ದು ಹೊಲಿದ ಕಾಲು. ಬೆಳಗ್ಗೆ ಹಾಸಿಗೆಯಿಂದ ಏಳ್ತೀನಿ, ಹಿಡ್ಕೊಂಡುಬಿಟ್ಟಿದೆ. ಸ್ಕೀ ತಂಡದವರ ಹೋಟೆಲ್ಲಿಂದ ಸೀದಾ ನಿನ್ನ ಹತ್ರಾನೇ ಬಂದೆ. ಹೂವು ನೆನೆಹಾಕಿದ ಈ ನಿನ್ನ ಸಾರಾಯಿಗಿಂತ ದೊಡ್ಡ ಔಷಧಿ ಯಾವುದಿದೆ, ಹೇಳು?

ಏನು ನೋಡ್ತೀಯಾ? ಊದಿಲ್ಲ ಅಂತಾನಾ? ಊದಿಲ್ಲ. ಒಳಗಿನ ನೋವು ಊದಲ್ಲಮ್ಮಾ. ಡಾಕ್ಟರೂ ಅದನ್ನೇ ಅಂದ್ರು... ಅಂದ್ರೆ, ಡಾಕ್ಟರಿಗೆ ಇನ್ನೂ ತೋರಿಸಿಲ್ಲ. ತೋರಿಸಿದ್ರೆ ಹಾಗೇ ಅಂತಿದ್ರು.

ಅಕಾರ್ಡಿಯನ್ ಕೇಳಿಸ್ತಾ? ಅಪ್ಪನ ಪಟಾಲಂ. ಆಗಲೇ ಬೆಟ್ಟದ ಬುಡದಲ್ಲಿ ಠಿಕಾಣಿ ಹೂಡಿದ್ದಾರೆ. ನನ್ನ ಮುಖ ಬರೆದ ಆ ಬಟ್ಟೆ ನೋಡಿದ್ಯಾ? ಮೂಗು ಬದನೆಕಾಯಿ ಥರ ಇದೆ... ನಗ್ಬೇಡ, ಆ ಮೂಗು ನಿನ್ನಿಂದಾನೇ ಬಂದಿದ್ದು! ಇಡೀ ಮಾರಿಬೊರ್ ಊರು ಇವತ್ತು ರೇಸ್ ನೋಡೋಕೆ ಪೊಹೋರ್ಯೆ ಬೆಟ್ಟದ ಕೆಳಗಿದೆಯಂತೆ. ಯೆಲ್ಕಾ ಗೆಲ್ತಾಳೆ, ನಮ್ಮೂರ ಹಿಮದ ಮೇಲೆ ನಮ್ಮ ಯೆಲ್ಕಾ ಗೆಲ್ತಾಳೆ... ಪಾಪ, ಅವರಿಗೇನು ಗೊತ್ತು. ನೀನೇ ಹೇಳ್ಬೇಕು ಅಪ್ಪಂಗೆ. ಕಾಲು ಆಗಲ್ಲ ಅಂತಿದೆ, ನಾನೇ ಕಣ್ಣಾರೆ ನೋಡ್ದೆ ಅಂತ. ನಾನು ಹೇಳಿದ್ರೆ ಅವರು ಬಿಡಲ್ಲ. ನೀನು ಹೇಳಿದ್ರೆ ಸುಮ್ಮನಾಗ್ತಾರೆ.

ಹೇಳ್ತೀಯಾ ತಾನೇ?... ಆಯ್ತು, ಬಟ್ಟೆ ಬಿಸಿಮಾಡ್ಕೊಂಡು ಬಾ. ಒಲೆ ಮೇಲೆ ಜಾಸ್ತಿ ಹೊತ್ತು ಬಿಡ್ಬೇಡ.

ಅಣ್ಣನ ಬೂಟಿಗೆ ಕಾಲುಚೀಲ ತುರುಕಿ ಕೊಡ್ತಿದ್ಯಲ್ಲ, ನೆನಪಿದೆಯಾ? ಏಳು ವರ್ಷ ನನಗೆ. ಸಂಜೆ ಹೊತ್ತು ಬಂದ ಜನ ಎಲ್ಲಾ ಮನೆಗೆ ಹೋದ್ಮೇಲೂ ಅಪ್ಪ ಸ್ಕೀ ಆಡೋರನ್ನ ಬೆಟ್ಟ ಹತ್ತಿಸೋ ಲಿಫ್ಟಿನ ಮೋಟಾರು ನಿಲ್ಲಿಸ್ತಾ ಇರ್ಲಿಲ್ಲ. ನನ್ನೊಬ್ಬಳಿಗೋಸ್ಕರ! ಕೆಳಗೆ ನಿಂತು ಒಂದೇ ಮಾತು ಕೂಗೋರು: ಮುಂದಕ್ಕೆ ಬಾಗೇ, ಮುಂದಕ್ಕೆ! ಭಯಬಿದ್ದೋರು ಹಿಂದಕ್ಕೆ ವಾಲ್ತಾರೆ, ಹಿಂದಕ್ಕೆ ವಾಲಿದೋರು ಬೀಳ್ತಾರೆ! ನಾನು ಎಲ್ಲಿ ವಾಲಿದ್ದೆ? ಕಣ್ಣಲ್ಲಿ ನೀರು ಬರೋ ಹಾಗೆ ಇಳೀತಿದ್ದೆ. ಬಿದ್ರೆ ಹಿಮ ಉಗಿದು ಮತ್ತೆ ಹತ್ತೋದು. ಕಾಲು ಮುರಿದಾಗ್ಲೂ ಅಷ್ಟೇ, ಮುಂದಿನ ಚಳಿಗಾಲಕ್ಕೇ ಎದ್ದು ನಿಂತೆ. ಆಮೇಲೆ ಆ ವಿಶ್ವ ಚಾಂಪಿಯನ್ ಪಟ್ಟ... ಮೇಯರ್ ಬಂದು ನಿನ್ನ ಕೈಗೆ ಮುತ್ತಿಟ್ಟ ದಿನ. ನೀನು ದನದ ಕೊಟ್ಟಿಗೆಯಿಂದ ಹಾಗೇ ಬಂದಿದ್ದೆ! ಮಾರನೇ ವರ್ಷ ವಿಶ್ವಕಪ್ಪಿನ ಆ ಗಾಜಿನ ಗೋಳ ಗೆದ್ದು ತಂದ್ರೆ, ನೀನು ಅದರ ಮೇಲೆ ಅಪ್ಪನ ಒದ್ದೆ ಟೋಪಿ ಒಣಗೋಕೆ ಹಾಕಿದ್ದೆ. ಫೋಟೋ ತೆಗೆಯೋಕೆ ಬಂದೋನು ಹೌಹಾರಿಬಿಟ್ಟ...

ಬಂದ್ಯಾ? ಹಾ... ಬಿಸಿ ಹಿತವಾಗಿದೆ. ಉಜ್ಜು. ನೀನು ಉಜ್ಜಿದ್ರೆ ಜೀವ ಬಂದ ಹಾಗಾಗತ್ತೆ. ಏನು ಹೇಳ್ತಿದ್ದೆ? ಹಾಂ, ಆ ಹುಡುಗಿ ನಾನೇ ತಾನೇ. ಇಳಿಜಾರಲ್ಲಿ ನೆಟ್ಟ ಗೇಟಿನ ಕಂಬಕ್ಕೆ ಹೆಗಲು ಬಡಿದು ನೀಲಿಗಟ್ಟಿದ್ರೂ ಲೆಕ್ಕಿಸದೆ ಹೋಗೋಳು. ಅಂಥವಳು ನೋವಿಲ್ದೆ ನೋವು ಅಂತೀನಾ? ಜನ ಏನಾದ್ರೂ ಅಂದ್ಕೊಳ್ಳಿ, ಮೈ ನಂದು, ಕಾಲು ನಂದು... ಅಯ್ಯಯ್ಯೋ! ಅಲ್ಲೇ, ಅಲ್ಲೇ! ಮುಟ್ಬೇಡ! ಪ್ರಾಣ ಹೋಗತ್ತೆ!

ಏನಾಯ್ತು? ಯಾಕೆ ನಿಲ್ಲಿಸ್ದೆ?

ಏನಮ್ಮಾ ಹಾಗೆ ನೋಡ್ತೀಯಾ... ಕೈ ಯಾಕೆ ಹಾಗೇ ಇಟ್ಕೊಂಡಿದೀಯಾ...

ಓ.

ನೀನು ಮುಟ್ಟಿದ್ದು ಎಡಗಾಲು. ನೀನು ಆ ಕಡೆ ಕೂತಿದ್ದೆ ತಾನೇ ಈಗ... ಅಂದ್ರೆ, ನೋವು ಒಂದು ಕಾಲಿಂದ ಇನ್ನೊಂದಕ್ಕೆ... ಭಾರ ಎಲ್ಲಾ ಈ ಕಾಲಿನ ಮೇಲೇ ಹಾಕಿದ್ನಲ್ಲ, ಅದಕ್ಕೆ...

ಬೇಕಂತಲೇ ಮಾಡಿದ್ಯಾ? ಏನಾದ್ರೂ ಅನ್ನಮ್ಮಾ. ಬಯ್ಯಿ. ಆ ಬಿಸಿ ಬಟ್ಟೇಲೇ ನಾಲ್ಕು ಬಾರಿಸು.

...ಹೂಂ. ನೋವಿಲ್ಲ. ಯಾವ ಕಾಲಲ್ಲೂ ಇಲ್ಲ.

ಭಯ ಅಮ್ಮಾ. ನನಗೆ ಭಯ ಆಗತ್ತೆ.

ಡಿಸೆಂಬರ್‌ನಲ್ಲಿ ರೇಸಲ್ಲಿ ಸುನ್ನಿವಾ ಬಿದ್ಳಲ್ಲ, ನಾರ್ವೆ ಹುಡುಗಿ... ಅವಳಾದ್ಮೇಲೆ ನನ್ನ ಸರದಿ. ಹೆಲಿಕಾಪ್ಟರ್ ಬಂದು ಎತ್ಕೊಂಡು ಹೋಗೋವರೆಗೂ ಮೇಲೆ ಚಳೀಲಿ ನಿಂತಿದ್ದೆ. ಕೆಳಗೆ ನೋಡ್ಬಾರದು ಅಂತ ನನ್ನ ಕೈಗವಸೇ ನೋಡ್ತಿದ್ದೆ. ಆಮೇಲೆ ಹೊರಟೆ. ಹೊರಟ ಮೊದಲ ತಿರುವಲ್ಲೇ ಗೊತ್ತಾಯ್ತು... ಹಿಂದಕ್ಕೆ ವಾಲಿದ್ದೆ ಅಮ್ಮಾ. ನಾನು! ಕೆಳಗಿನವರೆಗೂ ವೇಗ ತಗ್ಗಿಸೋಕೆ ಸ್ಕೀ ಒತ್ತಿ ಒತ್ತಿ, ಮುದುಕಿ ಮೆಟ್ಟಿಲಿಳಿದ ಹಾಗೆ ಇಳಿದೆ. ಮೈಕು ಹಿಡಿದೋರು ಬಂದ್ರು. ಏನಾಯ್ತು ಅಂದ್ರು. ನಾನು... ಸ್ಕೀ ಜಾರೋಕೆ ಬಳಿಯೋ ಮೇಣಾನೇ ಸರಿ ಇರ್ಲಿಲ್ಲ ಅಂದುಬಿಟ್ಟೆ. ನನ್ನ ಸ್ಕೀ ನೋಡ್ಕೊಳ್ಳೋ ಇಸ್ತೋಕ್ ಪಕ್ಕದಲ್ಲೇ ನಿಂತಿದ್ದ. ಏನಾದ್ರೂ ಅಂದ್ನಾ? ಇಲ್ಲ. ಹೌದು, ತಪ್ಪು ನಂದೇ ಅಂದ. ಆಮೇಲೆ ಪೇಪರಿನವರು ಅವನನ್ನ ಹುರಿದು ಮುಕ್ಕಿದ್ರು. ನಾನು ಒಂದು ಮಾತೂ ಆಡ್ಲಿಲ್ಲ.

ಅದು ದೊಡ್ಡ ಇಳಿಜಾರು, ಯಾರಿಗಾದ್ರೂ ಎದೆ ನಡುಗತ್ತೆ ಅಂತ ಸಮಾಧಾನ ಮಾಡ್ಕೊಂಡೆ. ಆದ್ರೆ ನಿನ್ನೆ... ನಿನ್ನೆ ನಮ್ಮ ಬೆಟ್ಟದ ಮೇಲೆ ನಿಂತಿದ್ದೆ. ನಮ್ಮನೆ ಹೊಗೆ ಕಾಣೋ ಬೆಟ್ಟ! ಏಳು ವರ್ಷದವಳು ಹಾರ್ಕೊಂಡು ಇಳಿದ ಜಾಗ. ತೊಡೆ ನಡುಗ್ತಿತ್ತು, ನಿಲ್ತಾನೇ ಇರ್ಲಿಲ್ಲ. ಚಳಿ ಅಂತ ನಕ್ಕೆ. ಎಷ್ಟು ನಾಚಿಕೆ ಗೊತ್ತಾ... ಕೊರಳಲ್ಲಿ ಪದಕ ಹಾಕ್ಕೊಂಡೋಳು, ಸ್ಕೂಲ್ ಪುಸ್ತಕದಲ್ಲಿ ಚಿತ್ರ ಇರೋಳು...

ನಿನ್ನ ಹತ್ರ ಯಾವ ಮುಖ ಇಟ್ಕೊಂಡು ಬಂದೆನೋ. ಟಿವಿಯವರ ಮುಂದೆ ಅಂದಿದ್ನಲ್ಲ, ನಮ್ಮಮ್ಮ ಪುಕ್ಕಲಿ, ನಾನು ಇಳಿಯೋವಾಗ ಕೊಟ್ಟಿಗೇಲಿ ಬಚ್ಚಿಟ್ಕೋತಾಳೆ, ನನಗೆ ಅಪ್ಪನ ರಕ್ತ ಬಂದಿದ್ದು ಪುಣ್ಯ ಅಂತ. ಊರೆಲ್ಲಾ ನಕ್ತು. ನೀನೂ ನಕ್ಕೆ. ನಿಜವಾಗ್ಲೂ ನಕ್ಯಾ ಅಮ್ಮಾ?... ಸರಿ, ಹೇಳ್ಬೇಡ.

ಕಾರು ಬಂತು. ಇಸ್ತೋಕ್‌ದೇ. ಹುಡುಕ್ಕೊಂಡು ಬಂದಿದ್ದಾನೆ. ಎಲ್ಲಿಗೆ ಎದ್ದೆ? ಬಾಗಿಲು ತೆಗೀಬೇಡ ಇನ್ನೂ... ಅದೇನದು? ಅಜ್ಜನ ಊರುಗೋಲಾ?

ನನಗಾ?

ಅಮ್ಮಾ... ನೀನು ಯಾರಿಗೂ ಹೇಳಲ್ಲ. ಸಾಯೋವರೆಗೂ ಹೇಳಲ್ಲ, ಗೊತ್ತು ನನಗೆ. ಇದನ್ನ ಊರ್ಕೊಂಡು ಹೊರಗೆ ಹೋದ್ರೆ ಜನ ಚಪ್ಪಾಳೆ ತಟ್ತಾರೆ. ಅಪ್ಪ ಹೆಗಲು ಕೊಡ್ತಾರೆ. ಪಾಪ, ನೋವಲ್ಲೂ ಬಂದ್ಳಲ್ಲ ಅಂತಾರೆ...

ಇಡು. ಬೇಡ. ಗೋಡೆಗೆ ಒರಗಿಸಿಡು.

ಬಾ ಇಸ್ತೋಕ್. ಬೂಟು ಬಿಚ್ಬೇಡ, ಇಲ್ಲೇ ನಿಲ್ಲು. ಸ್ಕೀ ಕಾರಲ್ಲೇ ಇರ್ಲಿ, ನಾನು ಇವತ್ತು ಇಳಿಯಲ್ಲ. ಇಲ್ಲ, ಕಾಲಿಗೇನೂ ಆಗಿಲ್ಲ. ಡಿಸೆಂಬರ್‌ನಲ್ಲಿ ನಿನ್ನ ಮೇಣಕ್ಕೂ ಏನೂ ಆಗಿರ್ಲಿಲ್ಲ. ನನಗೆ ಭಯ ಆಗಿತ್ತು... ನಿನಗೆ ಗೊತ್ತಿತ್ತಾ? ಆಗಲೇ?... ಮೈಕಿನವರಿಗೆ ನಾನೇ ಹೇಳ್ತೀನಿ. ಮೊದಲು ಅಪ್ಪನಿಗೆ. ದಾರಿ ತುಂಬಾ ಜನ ಇದ್ದಾರಾ? ಇರ್ಲಿ. ಕಾರು ಬೇಡ, ನಡ್ಕೊಂಡೇ ಬರ್ತೀನಿ.

ಅಮ್ಮಾ, ಹೊಸಲಿನವರೆಗೆ ಕೈ ಹಿಡ್ಕೋ. ಬೆಳಗ್ಗೆಯಿಂದ ಕುಂಟಿ ಕುಂಟಿ... ನೋಡು, ನೆಟ್ಟಗೆ ಇಡೋಕೆ ಹೋದ್ರೂ ಕಾಲು ಕುಂಟ್ತಾನೇ ಇದೆ.