ಮೈಲಾರಿಯ ಎಡಗೈ

ಕೈ ಕೆಲಸದಲ್ಲಿರಲಿ, ಕಿವಿ ನನ್ನ ಕಡೆ ಇರಲಿ. ಸುಲಿದ ಕಡ್ಲೇಕಾಯಿ ಮೊರಕ್ಕೆ ಹಾಕ್ರವ್ವ, ಬಾಯಿಗಲ್ಲ. ಹೇಳ್ತೀನಿ ಕೇಳಿ.

ಒಂದು ನಾಡಂತೆ. ಅದರ ಹೆಸರು ನನಗೂ ಗೊತ್ತಿಲ್ಲ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಸುತ್ತ ಕಲ್ಲುಬೆಟ್ಟ, ನಡುವೆ ಒಂದೂರು. ಆ ಊರಲ್ಲಿ ಬೋರವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ನಾಲ್ಕು ಎಮ್ಮೆ ಕಟ್ಕೊಂಡು, ಬೆಣ್ಣೆ ಕಡೆದು ಮಾರಿ ಬದುಕ್ತಿದ್ದಳು. ಒಬ್ಬನೇ ಮಗ, ಮೈಲಾರಿ.

ಹುಡುಗ ಹೆಂಗಿದ್ದ? ಚೆಂದ ಇದ್ದ. ಒಂದೇ ಒಂದು ಐಬು, ಎಡಚ. ಉಣ್ಣೋದು ಎಡಗೈ, ಕೊಡೋದು ಎಡಗೈ, ಅವ್ವನ ಗಡಿಗೆಯಿಂದ ಬೆಣ್ಣೆ ಕದಿಯೋದೂ ಎಡಗೈ. ಊರಿಗೆಲ್ಲ ಒಂದು ದಾರಿ ಆದರೆ ಪೋರನಿಗೇ ಒಂದು ದಾರಿ. ಬಂದ ನೆಂಟರು ಹೋದ ನೆಂಟರು ಎಲ್ಲ ಅನ್ನೋರು, "ಎಡಗೈಲಿ ಉಣ್ಣೋ ಮನೇಲಿ ಲಕ್ಷ್ಮಿ ನಿಲ್ಲಲ್ಲ ಬೋರವ್ವ, ಈಗ್ಲೇ ತಿದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

ಊರ ಬಾಯಿಗೆ ಹೆದರದ ತಾಯಿ ಯಾರಿದ್ದಾಳೆ ಹೇಳಿ. ಮೊದಲು ಎಡಗೈಗೆ ಬಟ್ಟೆ ಸುತ್ತಿ ಕಟ್ಟಿದಳು. ಹಲ್ಲಲ್ಲಿ ಬಿಚ್ಕೊಂಡ. ಆಮೇಲೆ ಬೇವಿನೆಣ್ಣೆ ಹಚ್ಚಿದಳು. ಕಹಿ ನುಂಗ್ಕೊಂಡೇ ಉಂಡ. ಮೂರನೇ ಸಲ ಏನು ಮಾಡಿದಳು? ಹೇಳೋಕೆ ನನಗೇ ನಾಲಿಗೆ ಏಳಲ್ಲ. ಸೌಟು ಕಾಯಿಸಿ ಆ ಕೈಗೆ ಬರೆ ಎಳೆದಳು.

ಅವತ್ತಿಂದ ಅವಳ ಮುಂದೆ ಹುಡುಗ ಬಲಗೈಲೇ ಉಂಡ. ತುತ್ತು ಎತ್ತಿ "ಸರೀನಾ ಅವ್ವ?" ಅನ್ನೋನು. "ಸರಿ ಕಣಪ್ಪ" ಅನ್ನೋಳು. ಎಮ್ಮೆ ಕೊಟ್ಟಿಗೆಗೆ ಹೋಗಿ ಒಬ್ಬಳೇ ಅಳೋಳು.

ಮೈಲಾರಿ ಬೆಳೆದ, ದೊರೆಯ ದಂಡಿಗೆ ಸೇರಿದ. ಅಲ್ಲೂ ಅದೇ ಗೋಳು. ಬಲಗೈಲಿ ಕತ್ತಿ ಹಿಡಿದರೆ ಅದು ಹೇಳಿದ ಮಾತು ಕೇಳದು. ದಂಡಿಗೆ ಒಬ್ಬರೇ ಹಿರಿಯರು, ದಳವಾಯಿಗಳು, ಬಾಯಿ ಜೋರು. "ಕತ್ತಿ ಬೀಸೋ ಅಂದ್ರೆ ಮಜ್ಜಿಗೆ ಕಡೀತೀಯಲ್ಲೋ. ಹೋಗು, ಸಾಲಿನ ಕೊನೇಲಿ ನಿಂತ್ಕೋ" ಅನ್ನೋರು. ಅವನು ನಗ್ತಾ ಹೋಗಿ ನಿಲ್ಲೋನು. ಅಂಥ ಮಗ ಅವನು.

ಹಿಂಗಿರಬೇಕಾದರೆ ಒಂದು ದಿನ ಪರನಾಡಿನ ದಂಡು ಊರ ಮೇಲೆ ಬಿತ್ತು. ದೊರೆ ಇದ್ದದ್ದು ದೂರದ ಕೋಟೇಲಿ. ಊರಲ್ಲಿದ್ದ ಬಂಟರು ಬೆರಳೆಣಿಕೆ. ಮುದುಕರು, ಬಸುರಿ ಬಾಣಂತಿಯರು, ದನ ಕರ ಎಲ್ಲಾರನ್ನೂ ದಳವಾಯಿಗಳು ಬೆಟ್ಟ ಹತ್ತಿಸಿದರು. ಬೆಟ್ಟಕ್ಕೆ ದಾರಿ ಒಂದೇ, ಬಂಡೆಗಂಡಿ. ಒಂದು ಮಗ್ಗುಲಿಗೆ ಗೋಡೆಯಂಥ ಬಂಡೆ, ಇನ್ನೊಂದು ಮಗ್ಗುಲಿಗೆ ಕೊರಕಲು. ಒಬ್ಬ ನಿಂತರೆ ಇನ್ನೊಬ್ಬನಿಗೆ ಜಾಗ ಇಲ್ಲ. ಅಲ್ಲಿ ಮೂವರು ಬಂಟರನ್ನ ಕಾವಲು ಬಿಟ್ಟು, ಜನರನ್ನ ಕರ್ಕೊಂಡು ಮುಂದೆ ನಡೆದರು.

ಮೊದಲನೆಯವನು ಗರಡಿ ಜಟ್ಟಿ. ನಿಂತ, ಬಿದ್ದ. ಎರಡನೆಯವನು ಅವನಿಗಿಂತ ಜಟ್ಟಿ. ನಿಂತ, ಬಿದ್ದ. ಮೂರನೆಯವನು, ಸಾಲಿನ ಕೊನೆಯವನು, ನಮ್ಮ ಮೈಲಾರಿ. ನಿಂತ. ನಿಂತ. ನಿಂತೇ ಇದ್ದ. ಜನ ಬೆಟ್ಟ ದಾಟೋ ತನಕ ನಿಂತ, ಕೊನೇ ಕರು ಇಳಿಯೋ ತನಕ ನಿಂತ. ಹೊತ್ತು ವಾಲೋ ಹೊತ್ತಿಗೆ ದೊರೆಯ ದಂಡು ಬಂತು, ವೈರಿ ಓಡಿದ. ಬಂದು ನೋಡಿದರೆ ಹುಡುಗ ಬಂಡೆಗೊರಗಿ ಪ್ರಾಣ ಬಿಟ್ಟಿದ್ದ. ಹತ್ತೊಂಬತ್ತು ವರ್ಷ ಕಣ್ರವ್ವ.

ದೊರೆ ಹೇಳಿಕಳಿಸಿದ, "ಆ ಹುಡುಗನಿಗೆ ವೀರಗಲ್ಲು ನಿಲ್ಲಿಸಿ." ಕಲ್ಲುಕುಟಿಗ ನಾಗೋಜ ಮೂರು ಅಂತಸ್ತಿನ ಕಲ್ಲು ಕಡೆದ. ಕೆಳಗೆ ಕಾದಾಡೋ ವೀರ, ನಡುವೆ ಅವನನ್ನ ಎತ್ಕೊಂಡು ಹೋಗೋ ದೇವಕನ್ಯೆಯರು, ಮೇಲೆ ಶಿವ. ಆದರೆ ಆ ನಾಡಲ್ಲಿ ಒಂದು ಪದ್ಧತಿ. ಹಡೆದವಳು ಮೊದಲು ಒಂದು ಕೊಡ ನೀರು ಹುಯ್ಯಬೇಕು. ಹುಯ್ಯದೆ ಕಲ್ಲು ಎತ್ತಿ ನಿಲ್ಲಿಸೋ ಹಂಗಿಲ್ಲ.

ಬೋರವ್ವ ಕೊಡ ಹೊತ್ತು ಬಂದಳು. ಕಲ್ಲು ನೋಡಿದಳು. "ಇವನು ನನ್ನ ಮಗ ಅಲ್ಲ" ಅಂದು ಕೊಡ ಹೊತ್ತು ವಾಪಸ್ ಹೋದಳು.

ಮೀಸೆ ಹೆಚ್ಚಾಯ್ತೇನೋ ಅಂತ ನಾಗೋಜ ಮೀಸೆ ಕೆತ್ತಿ ತೆಗೆದ. ಬಂದಳು, ನೋಡಿದಳು. "ಇವನೂ ನನ್ನ ಮಗ ಅಲ್ಲ." ಮುಖ ದಪ್ಪ ಆಯ್ತೇನೋ ಅಂತ ಕೆನ್ನೆ ಸವೆಸಿದ. ಮೂರನೇ ಸಲ ಬಂದಳು. ಕೊಡ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟಳು.

ದಳವಾಯಿಗಳಿಗೆ ತಾಳ್ಮೆ ತಪ್ಪಿತು. "ನಿನ್ನ ಸಂಕಟ ನನಗೆ ಗೊತ್ತು ತಾಯಿ. ಆದರೆ ಇವನು ಅಲ್ಲ ಇವನು ಅಲ್ಲ ಅಂದರೆ, ಹುಡುಗನ ಕಲ್ಲು ನೆಲದ ಮೇಲೇ ಬಿದ್ದಿರಬೇಕಾ?"

ಬೋರವ್ವ ಬಾಯಿ ಬಿಟ್ಟಳು. "ಕತ್ತಿ ಎಡಗೈಲಿ ಇರಬೇಕು ಸ್ವಾಮಿ. ನನ್ನ ಮಗ ಎಡಚ. ಇಷ್ಟು ದಿನ ಹೇಳೋಕೆ ನನಗೆ ಮುಖ ಇರಲಿಲ್ಲ."

ಊರಿಗೆ ಊರೇ ಗುಸುಗುಸು ಅಂತು. ವೀರಗಲ್ಲಲ್ಲಿ ಎಡಗೈಯಾ? ಅಪಶಕುನ. ದಳವಾಯಿಗಳೂ ತಲೆ ಅಲ್ಲಾಡಿಸಿದರು. "ಶಿವನ ಮುಂದೆ ಎಡಗೈ ಎತ್ತಿಸಬೇಡ ತಾಯಿ. ಬದುಕಿದ್ದಾಗ ಇದ್ದ ಐಬು ಕಲ್ಲಲ್ಲಿ ಯಾಕೆ?"

"ಐಬಾ?" ಅಂದಳು ಬೋರವ್ವ. "ನಡೀರಿ ಬಂಡೆಗಂಡಿಗೆ."

ಮುಂದೆ ಅವಳು, ಹಿಂದೆ ದಳವಾಯಿಗಳು, ಅವರ ಹಿಂದೆ ಊರು. ಗಂಡಿಯ ನೆತ್ತಿಯಲ್ಲಿ ಅವರನ್ನ ನಿಲ್ಲಿಸಿದಳು. "ನನ್ನ ಮಗ ನಿಂತಿದ್ದ ಜಾಗ ಇದು. ವೈರಿ ಕೆಳಗಿಂದ ಬರ್ತಾನೆ. ಕತ್ತಿ ಬೀಸಿ ಸ್ವಾಮಿ."

ದಳವಾಯಿಗಳು ಬಲಗೈಲಿ ಬೀಸಿದರು. ಠಣ್! ಬಂಡೆಗೆ ಬಡೀತು. ಇನ್ನೊಂದು ಸಲ ಬೀಸಿದರು. ಠಣ್! ಕೆಳಗೆ ನೋಡೋನಿಗೆ ಬಂಡೆ ಬಲಮಗ್ಗುಲಿಗೇ ಇತ್ತು, ಬಲಗೈಗೆ ಜಾಗವೇ ಇಲ್ಲ. ಆ ಇಬ್ಬರು ಜಟ್ಟಿಗಳ ಕತ್ತಿ ತಾಗಿದ ಗೀರು ಬಂಡೆ ಮೇಲೆ ಇನ್ನೂ ಬೆಳ್ಳಗಿತ್ತು.

"ಈಗ ಎಡಗೈಲಿ ಬೀಸಿ" ಅಂದಳು.

ಬೀಸಿದರು. ಕತ್ತಿ ಕೊರಕಲಿನ ಮೇಲೆ ಸರಾಗ ಆಡಿತು.

"ಮಗ ಹೋದ ಮೂರನೇ ದಿನ, ಅವನು ಎಲ್ಲಿ ಬಿದ್ದ ಅಂತ ನೋಡೋಕೆ ಬಂದಿದ್ದೆ. ಕೈಲಿ ಹುಲ್ಲು ಕೊಯ್ಯೋ ಕುಡುಗೋಲಿತ್ತು. ಅವನ ಹಂಗೇ ನಿಂತು ಬೀಸಿ ನೋಡಿದೆ. ಆಗ ಗೊತ್ತಾಯ್ತು."

ದಳವಾಯಿಗಳು ಅಲ್ಲೇ ಕಲ್ಲ ಮೇಲೆ ಕೂತರು. ಆಮೇಲೆ ಅಂದರು, "ನಾನು ಅವನನ್ನ ಸಾಲಿನ ಕೊನೇಲಿ ನಿಲ್ಲಿಸ್ತಿದ್ದೆ ತಾಯಿ."

"ನೀವು ಬರೀ ಬೈದಿರಿ ಸ್ವಾಮಿ. ನಾನು ಬರೆ ಹಾಕಿದೆ."

ನಾಗೋಜ ಹೊಸ ಕಲ್ಲು ತಂದ. ಈ ಸಲ ಕತ್ತಿ ಎಡಗೈಗೆ ಬಂತು. ಕೊನೇಗೆ ಉಳಿ ಹಿಡ್ಕೊಂಡು, ಮೆಲ್ಲಗೆ ಕೇಳಿದ, "ಬೋರವ್ವ, ಕೈ ಮೇಲಿನ ಬರೆ ಬಿಟ್ಟುಬಿಡಲಾ?"

ಅವಳು ಯೋಚನೆ ಮಾಡಿದಳು. "ಬಿಡಬೇಡಪ್ಪ, ಕೆತ್ತು. ಅವನ ಮೈಮೇಲೆ ನನ್ನದೂ ಒಂದು ಗುರುತಿದೆ ಅಂತ ಊರಿಗೆ ಗೊತ್ತಿರಲಿ."

ಕಲ್ಲು ಮುಗೀತು. ಬೋರವ್ವ ಬಂದಳು, ನೋಡಿದಳು. "ಬಂದ್ಯಾ ಮಗನೇ" ಅಂದು ಕೊಡ ಬಗ್ಗಿಸಿ ನೀರು ಹುಯ್ದಳು. ಕಲ್ಲು ಎದ್ದು ನಿಂತಿತು. ಎಲ್ಲಾ ಮುಗೀತು ಅನ್ನೋವಾಗ ಸೆರಗಿನ ಮರೆಯಿಂದ ಒಂದು ಎಲೆ ತೆಗೆದಳು. ಅದರಲ್ಲಿ ಅವತ್ತು ಬೆಳಿಗ್ಗೆ ಕಡೆದ ಬೆಣ್ಣೆ. ಉಂಡೆ ಮಾಡಿ ಕಲ್ಲಿನ ಎಡಗೈಗೆ ಮೆತ್ತಿದಳು, ಬರೆ ಮುಚ್ಚೋ ಹಂಗೆ.

"ತಿನ್ನಪ್ಪ" ಅಂದಳು. "ಈ ಕೈಲೇ ತಿನ್ನು. ನಿಮ್ಮವ್ವ ಇನ್ನು ಬೈಯಲ್ಲ."

ಇವತ್ತಿಗೂ ಆ ನಾಡಲ್ಲಿ ಮಗು ಎಡಗೈಲಿ ತುತ್ತೆತ್ತಿದರೆ ಯಾರೂ ಗದರಲ್ಲವಂತೆ. ಕರ್ಕೊಂಡು ಹೋಗಿ ಆ ಕಲ್ಲಿನ ಕೈಗೆ ಬೆಣ್ಣೆ ಹಚ್ಚಿಸಿ ಬರ್ತಾರಂತೆ.

ಅವರು ಅಲ್ಲಿ, ನಾವು ಇಲ್ಲಿ. ಹೇಳಿದ ಬಾಯಿಗೆ ಬೆಲ್ಲ, ಕೇಳಿದ ಕಿವಿಗೆ ಓಲೆ, ಸುಲಿದ ಕೈಗೆ ಬೆಣ್ಣೆ. ಯಾವ ಕೈ ಅಂತ ಮಾತ್ರ ಯಾರೂ ಕೇಳಬೇಡಿ.