ಗಂಗುಬಾಯಿ ಹಿಂದ ಬಂದ ದನಿ

ನಮ್ಮ ಬಾಜೂ ಮನಿ ಗಂಗುಬಾಯಿಗಿ ಆಗಿದ್ದರಿ ಇದು. ಈಗ ಆಕಿ ಬೀದರದಾಗ ನಮ್ಮ ಓಣ್ಯಾಗೇ ಇರ್ತಾಳ. ಆಕಿ ಎದುರಿಗಿ ಮಾತ್ರ ಈ ಮಾತು ತೆಗೀಬ್ಯಾಡ್ರಿ…

ಆ ರಾತ್ರಿ ಔರಾದದಿಂದ ಬಂದ ಕಡೀ ಬಸ್ಸು ಆಕಿನ್ನ ಚಿಂತಾಕಿ ಊರಿನ ದಾರ್ಯಾಗ ಇಳಿಸಿ ಹೋಯ್ತು. ಅಲ್ಲಿಂದ ತವರಮನಿಗಿ ಹೊಲದ ದಾರಿ. ನಡುವ ಒಂದು ಹಾಳುಬಾವಿ, ಅದರ ಮ್ಯಾಲ ಬಗ್ಗಿದ ಆಲದ ಮರ. ಕತ್ತಲಾದ ಮ್ಯಾಲ ಆ ಕಡಿ ಯಾರೂ ಹಾಯಲ್ಲ. ಆಕಿ ಹೊಂಟಳು. ಹಿಂದ ಹೋಗಾಕ ಮನಿ ಉಳದಿರಲಿಲ್ಲ.

ಆವತ್ತು ಸಂಜಿಗಿ ಗಂಡನ ಊರಾಗ ಹಿರೇರು ಕೂಡಿದ್ರು. ಅದೇ ಊರಿನ ಹಾವಗೆಪ್ಪನ ಸೊಸಿ ಪದೇ ಪದೇ ಮೂರ್ಛೆ ಬೀಳ್ತಿದ್ದಳು. ಯಾರೋ ಭಾನಾಮತಿ ಮಾಟ ಮಾಡ್ಯಾರ ಅಂತ ಸುದ್ದಿ ಎದ್ದು, ಗಂಗುಬಾಯಿ ಹೆಸರಿಗಿ ಬಂದು ನಿಂತಿತ್ತು. ಆಕಿ ಅಂಜಲಿಲ್ಲ. ಗೆಳತಿ ಶಿವಕಾಂತಾ ಎದುರಿಗೇ ಕುಂತಿದ್ದಳು. ಸಣ್ಣವರಿದ್ದಾಗಿಂದ ಇಬ್ಬರೂ ತವರೂರ ಗುಡ್ಯಾಗ ಕೂಡೇ ವಚನ ಹಾಡಿದವರು, ಒಂದೇ ಊರಿಗಿ ಸೊಸಿಯಾಗಿ ಬಂದವರು.

"ನಾ ಎಂಥಾಕಿ ಅಂತ ಶಿವಕಾಂತಾಗ ಕೇಳ್ರಿ," ಅಂದಳು.

ಶಿವಕಾಂತಾ ಎದ್ದು ನಿಂತು, ನೆಲ ನೋಡಕೋತ ಅಂದಳು, "ಅಮಾಸಿ ರಾತ್ರಿ ಹಾವಗೆಪ್ಪಣ್ಣನ ಹಿತ್ತಲದಾಗ ಈಕಿನ್ನ ನೋಡೀನಿರಿ."

ಆ ಅಮಾಸಿ ರಾತ್ರಿ ಇಡೀ ಗಂಗುಬಾಯಿ, ಜ್ವರ ಬಂದು ಮಲಗಿದ್ದ ಇದೇ ಶಿವಕಾಂತಾನ ಹಣಿಗಿ ತಣ್ಣೀರ ಬಟ್ಟಿ ಹಾಕಕೋತ ಕುಂತಿದ್ದಳು. ಹಿರೇರು ಊರು ಬಿಡು ಅಂದ್ರು, ಗಂಡ ಸೈತ ಬಾಗಲಾ ಹಾಕ್ಕೊಂಡ.

ಬಾವಿ ಬಂತು.

ಕಿಂಯ್… ಕಿಂಯ್… ರಾಟಿ ತಿರಗತಿತ್ತು. ಅದಕ್ಕ ಹಗ್ಗ ಇಲ್ದೇ ಎಷ್ಟೋ ವರ್ಷ ಆಗ್ಯಾವ. ಗಾಳಿ ಇರಲಿಲ್ಲ. ಆಲದ ಎಲಿ ಒಂದೂ ಅಲುಗಲಿಲ್ಲ. ಹಿಂದ ಬಳಿ ಸಪ್ಪಳ… ಖಿಣ್… ಖಿಣ್… ಆಕಿ ನಿಂತ್ರ ಅದೂ ನಿಂತಿತು.

ಅಲ್ಲೇ ನಿಂತು, ಕೊರಳಾಗಿನ ಲಿಂಗ ಮುಠ್ಠ್ಯಾಗ ಹಿಡದು ಅವ್ವ ಕಲಿಸಿದ ವಚನ ಸುರು ಮಾಡಿದಳು. ನಂಬಿದವರಿಗಿ ಅಂಜಿಕಿ ಇಲ್ಲ ಅನ್ನೋ ಅರ್ಥದ್ದು ಅದು. ಒಂದು ಸಾಲು ಬಂತು. ಇನ್ನೊಂದು ಬಂತು. ಮುಂದಿನದು… ಬರಲಿಲ್ಲ.

ಹಿಂದಿನಿಂದ ಯಾರೋ ಆ ಸಾಲು ಹಾಡಿದರು. ಮೆಲ್ಲಕ, ಕಡೀ ಅಕ್ಷರ ಎಳದು. ಹಂಗ ಎಳ್ಯಾಕಿ ಶಿವಕಾಂತಾ ಒಬ್ಬಾಕೇ.

ಗಂಗುಬಾಯಿ ಹೊಳ್ಳಿ ನೋಡಲಿಲ್ಲ.

"ಯಾಕ ಹಂಗಂದಿ?"

ಕಿಂಯ್… ಕಿಂಯ್…

"ಅಂಜಿಕಿ ಬಂತು ಗಂಗೂ… ಇಲ್ಲಂದ್ರ ನನ್ನ ಹೆಸರು ಹೇಳ್ತಿದ್ರು."

"ನಿನ್ನ ಬಾಯಾಗೂ ಇದೇ ವಚನ ಇತ್ತಲ್ಲ."



ಆವಾಗ ಗಂಗುಬಾಯಿ ಎದಿಯಾಗ ಅಂಜಿಕಿ ಇದ್ದ ಜಾಗಾದಾಗ ಉರಿ ಹತ್ತಿತಂತ. ಸತ್ತವರಾಗಲಿ ಬದುಕಿದವರಾಗಲಿ, ಇದಕ್ಕಿಂತ ಹೆಚ್ಚಿಗಿ ಯಾರು ಏನು ಮಾಡ್ತಾರ ಅನಿಸ್ತು. ಮುಂದಿನ ಸಾಲು ತಾನಾಗೇ ಬಂತು. ಗಟ್ಟಿಯಾಗಿ ಹೇಳಕೋತ ಕಾಲು ಕಿತ್ತಿಟ್ಟಳು. ಹಿಂದಿನ ದನಿ ಕೂಡೇ ಬಂತು. ಆಕಿ ಅಳಕೋತ ಹೇಳಿದಳು, ಆದ್ರ ಬಿಡಲಿಲ್ಲ.

ತವರಮನ್ಯಾಗ ಅವ್ವ ಮಲ್ಲೇಶ್ವರಿ ಬಾಗಲಾ ತೆಗೆದು ನಿಂತಿದ್ದಳು. ಕೈಯಾಗ ಎರಡು ಚೊಂಬು ನೀರು.

"ಇಬ್ಬರ ದನಿ ಕೇಳ್ತು. ಇನ್ನೊಬ್ಬಾಕಿ ಎಲ್ಲಿ?"

"ಯಾರಿಲ್ಲವ್ವಾ. ನನಗ ಯಾರೂ ಇಲ್ಲ."

ಕಾಲು ತೊಳಕೊಂಡು ಒಳಗ ಹೋದಳು. ಇನ್ನೊಂದು ತುಂಬಿದ ಚೊಂಬು ಕಟ್ಟಿ ಮ್ಯಾಲೇ ಉಳೀತು.

ಮರದಿನ ಗಂಗುಬಾಯಿ ಪೊಲೀಸ್ ಠಾಣೆಗಿ ಹೋಗಿ, ಸುಳ್ಳು ಹೇಳಿದವರ ಹೆಸರೆಲ್ಲ ಬರಸಿದಳು. ಶಿವಕಾಂತಾನ ಹೆಸರೂ ಬಿಡಲಿಲ್ಲ. ಹಿರೇರು ಮಾತು ವಾಪಸ್ ತಗೊಂಡರು. ಗಂಡ ಕರ್ಯಾಕ ಬಂದ, ಆಕಿ ಹೋಗಲಿಲ್ಲ.

ಶಿವಕಾಂತಾ ಆ ರಾತ್ರಿ ತನ್ನ ಮನಿಯಾಗೇ ಮಲಗಿದ್ದಳರಿ. ಇವತ್ತಿಗೂ ಜೀವಂತ ಅದಾಳ. ಅತ್ತಿ, ಗಂಡ ಇಬ್ಬರೂ ಆಣಿ ಮಾಡಿ ಹೇಳ್ತಾರ, ಆಕಿ ಹೊರಸು ಬಿಟ್ಟು ಏಳಲೇ ಇಲ್ಲ ಅಂತ.

ನೀವು ನಂಬ್ರಿ, ಬಿಡ್ರಿ. ಮಲ್ಲೇಶ್ವರಿ ಸುಳ್ಳು ಹೇಳೋ ಹೆಣಮಗಳಲ್ಲ. ಬೆಳಿಗ್ಗಿ ಕಟ್ಟಿ ಮ್ಯಾಲಿನ ಆ ಚೊಂಬು ಖಾಲಿ ಇತ್ತು. ಬೂದಿ ಹಚ್ಚಿ ತಿಕ್ಕಿ, ತೊಳದು, ಬೋರಲು ಇಟ್ಟಿತ್ತು.