ದೇವರ ಪೆಟ್ಟಿಗೆಯ ಚಾಕು

ನನ್ನ ಹೆಸರು ಅಂದಾನಪ್ಪ, ತಂದೆ ದೇವಪ್ಪ ಹಡಗಲಿ, ವಯಸ್ಸು ಐವತ್ತೆಂಟು, ಹಳೆಯ ಸಾಮಾನಿನ ವ್ಯಾಪಾರ, ವಾಸ ಬೆಟಗೇರಿ. ಲಕ್ಷ್ಮೇಶ್ವರ ಠಾಣೆಯ ಫೌಜದಾರರು ಒಂದು ಚಾಕುವಿನ ಗುರುತು ಮತ್ತು ಬೆಲೆ ಹೇಳಲು ಕರೆಸಿದ್ದರಿಂದ ಬಂದು, ಈ ಮೂಲಕ ತಿಳಿಸುವುದೇನೆಂದರೆ:

ಇಂಗ್ಲಿಷ್ ಸಾಹೇಬರು ಗಂಟುಮೂಟೆ ಕಟ್ಟಿ ಹೊರಟಾಗ ಧಾರವಾಡ, ಹುಬ್ಬಳ್ಳಿಯ ಬಂಗಲೆಗಳ ಸಾಮಾನನ್ನು ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದವನು ನಾನು. ಚಾಕು, ಗಡಿಯಾರ, ದುರ್ಬೀನು ನನ್ನ ಕೈಯಲ್ಲಿ ಹಾಯ್ದುಹೋದಷ್ಟು ಈ ಸೀಮೆಯಲ್ಲಿ ಮತ್ತೊಬ್ಬನ ಕೈಯಲ್ಲಿ ಹೋಗಿಲ್ಲ. ಇದನ್ನು ಬರೆಯುವ ಜರೂರಿಲ್ಲವೆಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ರೈಟರು ಅಂದರು. ಜರೂರಿದೆ. ನನಗಿಂತ ಮುಂಚೆ ಇದೇ ಚಾಕು ನೋಡಿ ಆನೆಯ ದಂತ, ಇನ್ನೂರೈವತ್ತು ರೂಪಾಯಿ ಎಂದು ಬರೆಸಿದ ಈ ಊರಿನ ಪತ್ತಾರ ಮೂಗುಬೊಟ್ಟು ಬೆಸೆಯುವುದು ಬಿಟ್ಟು ಬೇರೇನೂ ಬಲ್ಲವನಲ್ಲ.

ಇಂದು ಮುಂಜಾನೆ ಗದಗದ ಸರ್ವಿಸ್ ಮೋಟಾರಿನಿಂದಿಳಿದು ಹತ್ತೂವರೆಗೆ ಠಾಣೆಗೆ ಬಂದೆ. ಹೊರಗೆ ಬೇವಿನ ಬುಡದಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿಯ ಗಂಟು ಹಿಡಿದು ಕುಳಿತಿದ್ದಳು. ಆಕೆ ಅಲ್ಮಾಸಬಿ, ಒಳಗೆ ಲಾಕಪ್ಪಿನಲ್ಲಿರುವ ಜಹಾಂಗೀರನ ಹೆಂಡತಿ ಎಂದು ಪೊಲೀಸರು ಹೇಳಿದರು. ರೊಟ್ಟಿ ನಿನ್ನೆಯದು.

ಜಹಾಂಗೀರ ಪಿಂಜಾರ. ಮನೆಮನೆಗೆ ಹೋಗಿ ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ತಿರುಗಿ ಹೊಲಿದುಕೊಡುತ್ತಾನೆ. ಕಳೆದ ವಾರ ಮಾರ್ತಾಂಡರಾಯರ ಮನೆಯ ಗಾದಿ ಬಿಚ್ಚಿ ಹಿಂಜುತ್ತಿದ್ದ. ಮರುದಿನ ರಾಯರು ಠಾಣೆಗೆ ಬಂದು, ತಮ್ಮ ಅಜ್ಜನಿಗೆ ಸಂಸ್ಥಾನದವರು ಬಹುಮಾನ ಕೊಟ್ಟ ಚಾಕು ಕಳುವಾಗಿದೆ, ಪಿಂಜಾರನ ಚೀಲದಲ್ಲಿದೆ ಎಂದು ಫಿರ್ಯಾದಿ ಕೊಟ್ಟರು. ಚಾಕು ಚೀಲದಲ್ಲೇ ಸಿಕ್ಕಿತು. ಅದು ತನ್ನಪ್ಪ ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷರ ಪಲಟಣಿನ ಹೇಸರಗತ್ತೆ ಕಾಯಲು ಬಸ್ರಾಕ್ಕೆ ಹೋದವನು ತಂದದ್ದು, ರಾಯರು ಕೇಳಿದಾಗ ತಾನು ಕೊಡಲಿಲ್ಲ, ಅದಕ್ಕೇ ಈ ಸಿಟ್ಟು ಎಂದು ಜಹಾಂಗೀರ ಹೇಳಿದ್ದನು. ಕಳುವು ಸಾಬೀತಾದರೆ ಅವನಿಗೆ ಜೇಲು ಖಾಯಂ.

ಮಾರ್ತಾಂಡರಾಯರು ಖುರ್ಚಿಯ ಮೇಲೆ ಕುಳಿತಿದ್ದರು. ಅವರು ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಹೋದ ವರ್ಷ ಸಂಸ್ಥಾನ ಮುಂಬಯಿ ಸರಕಾರದಲ್ಲಿ ಕೂಡಿಹೋಯಿತು, ಕಚೇರಿಯೂ ಹೋಯಿತು. ತಲೆಯ ಮೇಲಿನ ಜರತಾರಿ ರುಮಾಲು ಮಾತ್ರ ಉಳಿದಿದೆ, ಅದನ್ನು ಕಂಡರೆ ಫೌಜದಾರರು ಇನ್ನೂ ಅರ್ಧ ಎದ್ದು ನಿಲ್ಲುತ್ತಾರೆ. ಬರೆಯಿರಿ, ನಾನು ಕಣ್ಣಾರೆ ಕಂಡಿದ್ದೇನೆ. ರಾಯರ ಅಕ್ಕ ಭಾಗೀರಥಿಬಾಯಿ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದರು. ಚಾಕುವನ್ನು ಮನೆಯಲ್ಲಿ ದಿನಾಲು ನೋಡಿದ್ದೇನೆಂದು ಆ ಬಾಯಿ ಮೊದಲೇ ಸಹಿ ಮಾಡಿದ್ದರು.

ಫೌಜದಾರರು ಚಾಕು ನನ್ನ ಕೈಗೆ ಕೊಟ್ಟರು. ಮಡಚುವ ಚಾಕು, ಒಂದೇ ಅಲಗು, ವಿಲಾಯತಿ ಉಕ್ಕು, ಬಿಳಿಯ ಹಿಡಿ, ತುದಿಗೆ ಕೊಂಡಿ. ಕೊಂಡಿಯ ಪಕ್ಕದಲ್ಲಿ ಬಾಣದ ಗುರುತು, ಅದು ಇಂಗ್ಲಿಷರ ಪಲಟಣಿನ ಸಾಮಾನಿಗೆ ಒತ್ತುವ ಮುದ್ರೆ. ಹಿಡಿ ಎಂತಹದೆಂದು ನನಗೆ ಮುಟ್ಟಿದ ಕೂಡಲೇ ತಿಳಿಯಿತು. ಆದರೆ ಬಾಯಿ ಬಿಡಲಿಲ್ಲ. ಸುಳ್ಳು ಹೇಳುವವನಿಗೆ ಹಗ್ಗ ಸಡಿಲು ಬಿಡಬೇಕೆಂಬುದು ನನ್ನ ರೂಢಿ.

ಬಾಣದ ಗುರುತು ಏನೆಂದು ರಾಯರನ್ನು ಕೇಳಿದೆ. ಅದು ರಾಮಬಾಣ, ಮಹಾರಾಜರೇ ಕೆತ್ತಿಸಿದ್ದು ಎಂದರು. ಅಲಗು ಸವೆದು ಅರ್ಧವಾಗಿದೆಯಲ್ಲ ಎಂದೆ. ತಮ್ಮ ಅಜ್ಜ ಪ್ರತಿ ಹಬ್ಬಕ್ಕೆ ಸಾಣೆ ಹಿಡಿಸುತ್ತಿದ್ದರು ಎಂದರು. ಮಡಚುವ ಸಂದಿಯಲ್ಲಿ ಕಡ್ಡಿ ಹಾಕಿ ಕೆದರಿದೆ, ಎಣ್ಣೆ ಕುಡಿದು ಗಟ್ಟಿಯಾದ ಹತ್ತಿಯ ಎಳೆ ಬಂತು. ಪಿಂಜಾರನ ಚಾಕುವಲ್ಲದೆ ಮತ್ತಾವ ಚಾಕುವಿನಲ್ಲಿ ಇಷ್ಟು ಹತ್ತಿ ಸೇರಬೇಕು? ರಾಯರು ಕಣ್ಣು ಸಹ ಮಿಟುಕಿಸದೆ, ದೇವರ ಹೂಬತ್ತಿಯ ಹತ್ತಿ ಎಂದರು. ಖರೆ ಹೇಳುತ್ತೇನೆ, ಇಷ್ಟು ನಾಚಿಕೆಗೆಟ್ಟ ಮನುಷ್ಯನನ್ನು ನಾನು ಲಿಲಾವಿನಲ್ಲೂ ಕಂಡಿಲ್ಲ. ಫೌಜದಾರರು ಮಾತ್ರ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು.

ಹಾಗಾದರೆ ಚಾಕು ಇಡುತ್ತಿದ್ದ ಜಾಗ ಯಾವುದೆಂದು ಕೇಳಿದೆ. ದೇವರ ಕೋಣೆಯಲ್ಲಿ, ದೇವರ ಪೆಟ್ಟಿಗೆಯೊಳಗೆ, ಸಾಲಿಗ್ರಾಮದ ಮಗ್ಗುಲಲ್ಲಿ ಎಂದರು. ನೈವೇದ್ಯದ ಹಣ್ಣು ಹೆಚ್ಚುವುದು ಅಜ್ಜನ ಕಾಲದಿಂದ ಇದರಿಂದಲೇ ಎಂದು ತಾವಾಗಿಯೇ ಸೇರಿಸಿದರು. ಮೂರು ಸಾರಿ ಕೇಳಿದೆ, ಮೂರು ಸಾರಿಯೂ ಹೌದೆಂದರು. ರೈಟರು ಬರೆದುಕೊಂಡರು.

ಆಗ ನಾನು ಚಾಕುವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯನ್ನು ಫೌಜದಾರರ ಕೈಗೆ ಕೊಟ್ಟೆ. ದಂತವಾದರೆ ಒಂದಕ್ಕೊಂದು ಅಡ್ಡ ಹಾಯ್ದ ಸಣ್ಣ ಗೆರೆಗಳಿರುತ್ತವೆ. ಇದರಲ್ಲಿ ಗೆರೆಯಿಲ್ಲ, ಸೂಜಿಯಿಂದ ಚುಚ್ಚಿದಂಥ ಕಪ್ಪು ಚುಕ್ಕಿಗಳಿವೆ. ನೆತ್ತರು ಹರಿದಾಡಿದ ಜಾಗ ಅದು. ರಾಯರ ಕಡೆ ತಿರುಗಿ ಇಷ್ಟೇ ಅಂದೆ, "ಇದು ದಂತ ಅಲ್ರೀ ರಾಯರ. ದನದ ಕಾಲಿನ ಎಲಬು."

ಫೌಜದಾರರು ಭೂತಗನ್ನಡಿ ಕೆಳಗಿಟ್ಟರು. ನನ್ನ ಕೊರಳಲ್ಲೂ ಲಿಂಗವಿದೆ. ಧಂದೆಗಾಗಿ ಇಂಥದ್ದನ್ನು ಮುಟ್ಟುತ್ತೇನೆ, ಮನೆಗೆ ಹೋಗಿ ಜಳಕ ಮಾಡುತ್ತೇನೆ, ದೇವರ ಮಗ್ಗುಲಲ್ಲಿ ಇಟ್ಟಿದ್ದೆನೆಂದು ಬರೆಸುವುದಿಲ್ಲ.

ಭಾಗೀರಥಿಬಾಯಿಯವರು ಬಾಗಿಲು ಬಿಟ್ಟು ಮುಂದೆ ಬಂದರು. "ಮಾರ್ತಾಂಡಾ, ನಿನ್ನ ಮಾತು ಕೇಳಿ ದಿನಾ ಕಂಡೀನಿ ಅಂತ ಸಹಿ ಮಾಡೀನೋ. ನಾಳಿಂದ ನಮ್ಮ ಮನಿ ತೀರ್ಥ ಯಾರು ತೊಗೋತಾರ?" ಎಂದರು. ದನಿ ಏರಿಸಲಿಲ್ಲ. ಆ ಬಾಯಿಯ ಮೇಲೆ ನನಗೆ ಸಿಟ್ಟಿಲ್ಲ.

ರಾಯರು ರುಮಾಲು ತೆಗೆದು ಬೆವರು ಒರೆಸಿಕೊಂಡರು. ಬಳಿಕ ಚಾಕು ತಮ್ಮದಲ್ಲ, ತಮ್ಮದು ಬೇರೆಯೇ ಇತ್ತು, ಕಣ್ಣು ಮಂಜಾಗಿ ಗುರುತು ತಪ್ಪಿತು ಎಂದರು. ಫಿರ್ಯಾದಿ ಹಿಂದಕ್ಕೆ ತೆಗೆದುಕೊಂಡೆನೆಂದು ಬರೆದುಕೊಟ್ಟು, ಕೈ ತೊಳೆಯಲು ನೀರು ಕೇಳಿದರು. ಇಷ್ಟೊತ್ತಿನವರೆಗೆ ಅವರು ಚಾಕುವನ್ನು ಮುಟ್ಟಿಯೇ ಇರಲಿಲ್ಲ.

ಬೆಲೆ ಹೇಳಬೇಕೆಂದು ಫೌಜದಾರರು ನೆನಪಿಸಿದರು. ಪೇಟೆಯಲ್ಲಿ ನಾಲ್ಕು ರೂಪಾಯಿ. ಪತ್ತಾರನಿಗೆ ತಿಳಿಸಬೇಕು.

ಜಹಾಂಗೀರನನ್ನು ಬಿಟ್ಟು ಚಾಕು ಅವನ ಕೈಗೆ ಕೊಟ್ಟರು. ಅವನು ಅಲಗು ಬಿಚ್ಚಿ, ಹೆಬ್ಬೆರಳಿನ ಮೇಲೆ ಆಡಿಸಿ ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡನು. ಅಲ್ಮಾಸಬಿ ರೊಟ್ಟಿಯ ಗಂಟು ಅಲ್ಲೇ ಬಿಟ್ಟು ಎದ್ದುಬಂದಳು. ಅವರು ಮೆಟ್ಟಿಲಿಳಿಯುವಾಗ ಭಾಗೀರಥಿಬಾಯಿಯವರು ಹಿಂದಿನಿಂದ ಕರೆದು, ಬಿಚ್ಚಿದ ಗಾದಿಯ ಹತ್ತಿ ಪಡಸಾಲೆಯ ತುಂಬ ಹಾರಾಡುತ್ತಿದೆ, ಇನ್ನೂ ಎರಡು ಗಾದಿ ಬಿಚ್ಚುವುದಿದೆ, ಮನೆಯವರೆಲ್ಲ ಬರೀ ನೆಲದ ಮೇಲೆ ಮಲಗುತ್ತಿದ್ದಾರೆ, ಬಂದು ಮುಗಿಸಿಕೊಡು ಎಂದರು. ಜಹಾಂಗೀರ ಕೈಮುಗಿದು ನಿಂತು ಹೇಳಿದನು:

"ಬರ್ತಿದ್ದೆರಿ ಬಾಯಾರ. ಆದ್ರ ನಾ ಹೊಲಿಗಿ ಬಿಚ್ಚೂದು ಇದ ಚಾಕೂಲೇರಿ. ಇದು ನಿಮ್ಮ ಹೊಸ್ತಿಲ ದಾಟಾಂಗಿಲ್ಲಲ್ರಿ."

ಈ ಹೇಳಿಕೆಯನ್ನು ನನಗೆ ಓದಿ ತಿಳಿಸಲಾಗಿದೆ. ರೈಟರು ನಡುನಡುವೆ ಬಿಟ್ಟಿದ್ದ ಮಾತುಗಳನ್ನು ನಾನು ತಿರುಗಿ ಸೇರಿಸಿದ್ದೇನೆ. ನಾನು ಕಂಡದ್ದು ಕೇಳಿದ್ದು ಇಷ್ಟು, ಇದರಲ್ಲಿ ಸುಳ್ಳಿದ್ದರೆ ಅದು ಮಾರ್ತಾಂಡರಾಯರು ಆಡಿದ್ದು.

ಸ್ಥಳ: ಲಕ್ಷ್ಮೇಶ್ವರ
ತಾರೀಖು: ೨೨ ನವೆಂಬರ್ ೧೯೪೯

(ಸಹಿ) ಅಂದಾನಪ್ಪ ದೇವಪ್ಪ ಹಡಗಲಿ